ಪಾದವೂ ಪದವಿಯೂ

ಪ್ರಾಚೀನಾಚಾರ್ಯನಾದ ಚರಕನು ತನ್ನ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವನು. ವೈದ್ಯನು ಮೊದಲನೆಯ ಪಾದ, ಔಷಧವು ಎರಡನೆಯದು, ರೋಗಿಯ ಬಳಿಯಲ್ಲಿಯೇ ಇದ್ದು ಶುಶ್ರೂಷೆ ಮಾಡುವ ಉಪಸ್ಥಾತೃವು ಮೂರನೆಯದು, ರೋಗಿಯು ತಾನೇ ನಾಲ್ಕನೆಯದು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಈ ಹದಿನಾರು ಗುಣಗಳೂ ಕೂಡಿದಲ್ಲಿ ಚಿಕಿತ್ಸೆಯು ಸಿದ್ಧಿಸುವುದೆಂದು ಆತನ ಮತ. ರೋಗಿಯು ಮಲಗುವ ಮಂಚಕ್ಕೂ ಕಾಲುಗಳು ನಾಲ್ಕೇ. ಅವುಗಳಲ್ಲಿ ಒಂದು ಗಿಡ್ಡವಾದರೆ ಮಿಕ್ಕ ಮೂರು ಎಷ್ಟೇ ಗಟ್ಟಿಯಾಗಿದ್ದರೂ ಮಲಗಿದವನಿಗೆ ನಿದ್ರೆಯಿಲ್ಲ.

ಈ ಪ್ರಾಚೀನ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗಿನ ಆರೋಗ್ಯ ವಿಶ್ವವಿದ್ಯಾನಿಲಯಗಳನ್ನು ನೋಡಿದರೆ ಒಂದು ವಿಶೇಷವು ಕಾಣಬರುವುದು. ಮೊದಲು ವೈದ್ಯಕೀಯ ಕಾಲೇಜುಗಳು ಸಾಹಿತ್ಯ, ನ್ಯಾಯಶಾಸ್ತ್ರ, ವಾಣಿಜ್ಯಗಳೊಡನೆ ಸಾಮಾನ್ಯ ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿಯೇ ಇದ್ದವು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜು ಬಹುಕಾಲ ಮೈಸೂರು ವಿಶ್ವವಿದ್ಯಾನಿಲಯದ ಒಂದು ಅಂಗವಾಗಿತ್ತು. ಆರೋಗ್ಯವಿದ್ಯೆಗಳಿಗೆಂದೇ ಒಂದು ವಿಶ್ವವಿದ್ಯಾನಿಲಯವಿರಬೇಕೆಂಬ ಯೋಚನೆಯು 1986ರಲ್ಲಿ ವಿಜಯವಾಡದಲ್ಲಿ ರೂಪುಗೊಂಡಿತು. ಕರ್ನಾಟಕದಲ್ಲಿ 1994ರ ಶಾಸನದ ಮೇರೆಗೆ 1996ನೆಯ ಇಸವಿ ಜೂನ್ 1ರಂದು ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇದರ ನೆರಳಿನಲ್ಲಿ ವೈದ್ಯಕೀಯ, ದಂತವೈದ್ಯ, ಶುಶ್ರೂಷೆ, ಔಷಧವಿಜ್ಞಾನ, ಫಿಸಿಯೋಥೆರಪಿ, ಆಯುರ್ವೇದ, ಯುನಾನಿ, ಹೋಮಿಯೋಪತಿ, ಪ್ರಕೃತಿಚಿಕಿತ್ಸೆ ಮತ್ತು ಯೋಗ ಇವುಗಳ ಕಾಲೇಜುಗಳೆಲ್ಲವೂ ಬಂದು ಸೇರಿದವು. ಎಂ.ಬಿ.ಬಿ.ಎಸ್. ವಿದ್ಯಾರ್ಥಿಯು ನಾಲ್ಕೂವರೆ ವರ್ಷ ಓದಿ ಮತ್ತೊಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು. ಆಯುರ್ವೇದದವನಿಗೂ ಅಷ್ಟೇ ಕಾಲ. ಬಿ.ಎಸ್ಸಿ. ನರ್ಸಿಂಗಿಗೆ ನಾಲ್ಕು ವರ್ಷ, ಬಿ.ಫಾರ್ಮಾಕ್ಕೆ ನಾಲ್ಕು ವರ್ಷ. ಹೀಗೆ ಚರಕನು ಎಣಿಸಿದ ಪಾದಗಳಲ್ಲಿ ಮೂರಕ್ಕೆ ಪ್ರತ್ಯೇಕ ಕಾಲೇಜುಗಳೂ ಪದವಿಗಳೂ ದೊರೆತವು. ಒಂದೇ ಮುದ್ರೆಯು ಆ ಮೂರು ಪ್ರಮಾಣಪತ್ರಗಳ ಮೇಲೂ ಬಿದ್ದಿತು.

ಮುದ್ರೆಯೇನೋ ಒಂದೇ. ಆದರೆ ಮರ್ಯಾದೆಯು ಒಂದೇ ಆಯಿತೆ?

ಪ್ರತಿ ಸಂವತ್ಸರವೂ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ಮನೆಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಕೇಳಿದರೆ ಇದಕ್ಕೆ ಉತ್ತರವು ತಾನಾಗಿ ಸಿಕ್ಕುವುದು. ನೀಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದವನಿಗೆ ಎಂ.ಬಿ.ಬಿ.ಎಸ್.; ಅದು ತಪ್ಪಿದರೆ ದಂತವೈದ್ಯ; ಅದೂ ತಪ್ಪಿದರೆ ಆಯುರ್ವೇದವೋ ಹೋಮಿಯೋಪತಿಯೋ; ಯಾವುದೂ ಕೈಗೆಟುಕದಿದ್ದರೆ, “ಏನು ಮಾಡುವುದು, ಹುಡುಗಿಗೆ ಸೀಟು ಸಿಕ್ಕಲಿಲ್ಲ, ನರ್ಸಿಂಗಿಗೆ ಸೇರಿಸಿದೆವು” ಎಂದು ತಾಯಿತಂದೆಗಳು ತಗ್ಗಿದ ದನಿಯಲ್ಲಿ ಹೇಳುವರು. ಸತ್ತವರ ಸುದ್ದಿಯನ್ನು ಹೇಳುವಾಗಲೂ ಕೆಲವರು ಅಷ್ಟು ದನಿ ತಗ್ಗಿಸುವುದಿಲ್ಲ. ಸೋತವರ ಪಾಲಿಗೆ ಉಳಿದದ್ದೆಂದು ಎಣಿಸಿ ಒಂದು ವಿದ್ಯೆಯನ್ನು ಕೈಕೊಳ್ಳುವುದೂ, ಕೈಕೊಳ್ಳಿಸುವುದೂ ನ್ಯಾಯವೆ? ಆ ಎಣಿಕೆಯ ಫಲವನ್ನು ಕಡೆಗೆ ಉಣ್ಣುವವರು ಯಾರು? ವಿಚಾರಿಸತಕ್ಕ ವಿಷಯವು ಇದು.

ಇಲ್ಲಿ ಪೂರ್ವಪಕ್ಷವನ್ನು ಹಗುರವಾಗಿ ಕಾಣಲಾಗದು. ಅದನ್ನು ಹೇಳುವವರು ಮೂರ್ಖರಲ್ಲ. ಅವರ ವಾದವು ಹೀಗೆ: ವಿದ್ಯೆಗಳಲ್ಲಿ ಕಷ್ಟಸುಲಭಗಳ ಭೇದವಿದೆ, ಹೊಣೆಯಲ್ಲಿ ಹೆಚ್ಚುಕಡಿಮೆಯಿದೆ. ರೋಗವು ಇಂಥದೆಂದು ನಿರ್ಣಯಿಸಿ, ಕತ್ತಿಯನ್ನು ಹಿಡಿಯಬೇಕೋ ಬಿಡಬೇಕೋ ಎಂದು ಗೊತ್ತುಮಾಡುವವನ ತಲೆಯ ಮೇಲಿನ ಭಾರವೂ, ಹೊತ್ತುಹೊತ್ತಿಗೆ ಮಾತ್ರೆಯನ್ನು ಕೊಡುವವರ ಭಾರವೂ ಒಂದೇ ಅಲ್ಲ. ಭಾರವು ಹೆಚ್ಚಾದಲ್ಲಿ ಗೌರವವು ಹೆಚ್ಚುವುದು ಸಹಜ. ಚರಕನೇ ನಾಲ್ಕು ಪಾದಗಳಲ್ಲಿ ವೈದ್ಯನನ್ನು ಪ್ರಧಾನನೆಂದಿಲ್ಲವೆ? ರೋಗವನ್ನು ಅರಿಯುವವನೂ, ಆಜ್ಞೆ ಮಾಡುವವನೂ, ಔಷಧವನ್ನು ಯೋಜಿಸುವವನೂ ಅವನೇ ಆದ್ದರಿಂದ ಮಿಕ್ಕ ಮೂವರು ಅವನ ಅಧೀನವೆಂದು ಆಚಾರ್ಯನು ಸ್ಪಷ್ಟವಾಗಿ ಹೇಳಿರುವಾಗ, ಸಮಾನತೆಯ ಮಾತೆಲ್ಲಿಯದು?

ಈ ವಾದದಲ್ಲಿ ಅರ್ಧವು ಸತ್ಯ. ಅಧಿಕಾರದ ಭೇದವು ಇರಲೇಬೇಕು. ಶಾಸ್ತ್ರವನ್ನು ಓದಿ, ಅದರ ಅರ್ಥವನ್ನು ಗ್ರಹಿಸಿ, ಕರ್ಮವನ್ನು ಕಣ್ಣಾರೆ ಕಂಡು, ಕೈಯಾರೆ ಅಭ್ಯಾಸಮಾಡಿದವನು ಸಹ ರಾಜನ ಅನುಜ್ಞೆಯನ್ನು ಪಡೆದ ಮೇಲೆಯೇ ವೃತ್ತಿಗೆ ಇಳಿಯತಕ್ಕದ್ದೆಂದು ಸುಶ್ರುತನು ವಿಧಿಸಿರುವನು. ಸೋರೆ, ಕಲ್ಲಂಗಡಿ, ಸೌತೆಯ ಕಾಯಿಗಳ ಮೇಲೆ ಶಸ್ತ್ರಪ್ರಯೋಗವನ್ನು ಕಲಿಸಿದ ಆಚಾರ್ಯನು ಆತನು. ಅಭ್ಯಾಸವಿಲ್ಲದವನನ್ನು ಮನುಷ್ಯಶರೀರದ ಹತ್ತಿರ ಬಿಡುವವನಲ್ಲ. ಇಂದಿನ ನೋಂದಣಿ, ಪರವಾನಗಿಗಳು ಆ ರಾಜಾನುಜ್ಞೆಯ ವಂಶಜರೇ ಸರಿ. ಯಾರು ಯಾವ ಕರ್ಮಕ್ಕೆ ಅರ್ಹರೆಂಬ ಎಲ್ಲೆಯನ್ನು ಅಳಿಸಿದರೆ ಸಾಯುವವನು ರೋಗಿ. ವೈದ್ಯರಲ್ಲಿಯೇ ಒಂದು ಕಾಲಕ್ಕೆ ಎರಡು ಪಂಕ್ತಿಗಳಿದ್ದುದನ್ನು ಇಲ್ಲಿ ನೆನೆಯಬಹುದು: ಪದವೀಧರರು ಒಂದು ಕಡೆ, ಕಡಿಮೆ ಕಾಲ ಓದಿದ ಎಲ್.ಎಂ.ಪಿ. ವೈದ್ಯರು ಇನ್ನೊಂದು ಕಡೆ. ದೇಶಕ್ಕೆ ಇನ್ನು ಮೇಲೆ ಒಂದೇ ಬಗೆಯ ವೈದ್ಯನು ಸಾಕೆಂದು 1946ರಲ್ಲಿ ಭೋರ್ ಸಮಿತಿಯು ಸೂಚಿಸಿದಾಗ ಆ ಸಮಿತಿಯೊಳಗೇ ಭಿನ್ನಾಭಿಪ್ರಾಯವೆದ್ದಿತು. ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬುದು ಕಷ್ಟದ ಪ್ರಶ್ನೆಯೆಂಬುದಕ್ಕೆ ಅದೇ ಸಾಕ್ಷಿ.

ಆದರೆ ಪ್ರಾಧಾನ್ಯ ಬೇರೆ, ಶ್ರೇಷ್ಠತೆ ಬೇರೆ. ವೈದ್ಯನ ಪ್ರಾಧಾನ್ಯವನ್ನು ತಿಳಿಸುವುದಕ್ಕೆ ಚರಕನು ಕುಂಬಾರನ ದೃಷ್ಟಾಂತವನ್ನು ತಂದಿರುವನು: ಮಣ್ಣು, ದಂಡ, ಚಕ್ರ, ದಾರ ಇವೆಲ್ಲ ಇದ್ದರೂ ಕುಂಬಾರನಿಲ್ಲದೆ ಗಡಿಗೆಯಾಗದು. ಒಪ್ಪತಕ್ಕದ್ದೇ. ಆದರೆ ಆ ಕುಂಬಾರನು ತನ್ನ ಚಕ್ರವನ್ನು ಕೀಳೆಂದು ಎಣಿಸಿ ಅದರ ಅಚ್ಚಿಗೆ ಎಣ್ಣೆಯನ್ನು ಹಾಕದೆ ಬಿಟ್ಟರೆ ಗಡಿಗೆಯು ಸೊಟ್ಟಗಾಗುವುದು. ಇದಲ್ಲದೆ ಆಚಾರ್ಯನು ಎಣಿಸಿದ ಗುಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ವೈದ್ಯನಿಗೆ ಬೇಕಾದದ್ದು ಶಾಸ್ತ್ರದಲ್ಲಿ ಪಾರಂಗತಿ, ಹಲವು ಸಲ ಕರ್ಮವನ್ನು ಕಂಡ ಅನುಭವ, ದಕ್ಷತೆ, ಶೌಚ. ಉಪಸ್ಥಾತೃವಿಗೆ ಬೇಕಾದದ್ದು ಉಪಚಾರದ ಜ್ಞಾನ, ದಕ್ಷತೆ, ಶೌಚ, ಮತ್ತು ತಾನು ಸೇವಿಸುವ ರೋಗಿಯಲ್ಲಿ ಅನುರಾಗ. ನಾಲ್ಕರಲ್ಲಿ ಎರಡು ಗುಣಗಳು ಇಬ್ಬರಿಗೂ ಸಮಾನ! ದಕ್ಷತೆಯಲ್ಲಿಯಾಗಲಿ ಶೌಚದಲ್ಲಿಯಾಗಲಿ ಪರಿಚಾರಕರಿಗೆ ಸ್ವಲ್ಪ ಕಡಿಮೆಯಾದರೂ ಸಾಕೆಂದು ಆತನು ರಿಯಾಯಿತಿ ತೋರಿಸಲಿಲ್ಲ. ಅನುರಾಗವನ್ನಂತೂ ಗುಣಗಳ ಪಟ್ಟಿಯಲ್ಲಿ ಅವರಿಗೇ ಇಟ್ಟನು. ವೈದ್ಯನಿಗೆ ಕರುಣೆಯು ಬೇಡವೆಂದು ಇದರ ಅರ್ಥವಲ್ಲ. ಆರ್ತರಲ್ಲಿ ಮೈತ್ರಿಯೂ ಕಾರುಣ್ಯವೂ ವೈದ್ಯವೃತ್ತಿಯ ಲಕ್ಷಣವೆಂದು ಅದೇ ಅಧ್ಯಾಯದ ಕೊನೆಯಲ್ಲಿ ಬಂದಿದೆ. ವೈದ್ಯನು ರೋಗಿಯ ಬಳಿ ನಿಲ್ಲುವುದು ಕ್ಷಣಕಾಲ. ರಾತ್ರಿಯೆಲ್ಲ ನಿಲ್ಲುವವರಿಗೆ ಅನುರಾಗವಿಲ್ಲದಿದ್ದರೆ ಆ ರಾತ್ರಿಯು ಕಳೆಯದು.

ಭಾರತದಲ್ಲಿ ಈ ಮೂರನೆಯ ಪಾದಕ್ಕೆ ಪದವಿಯು ಸುಲಭವಾಗಿ ದೊರೆತುದಲ್ಲ. ವೆಲ್ಲೂರಿನಲ್ಲಿ 1900ರಲ್ಲಿ ಒಂದೇ ಮಂಚದ ಚಿಕಿತ್ಸಾಲಯವನ್ನು ತೆರೆದ ಈಡಾ ಸ್ಕಡರ್ ಎಂಬ ವೈದ್ಯೆಯು 1909ರಲ್ಲಿ ಶುಶ್ರೂಷೆಯ ಶಾಲೆಯನ್ನೂ, 1918ರಲ್ಲಿ ಸ್ತ್ರೀಯರಿಗೆ ವೈದ್ಯಕೀಯ ಶಾಲೆಯನ್ನೂ ಆರಂಭಿಸಿದಳು. ಮೊದಲು ಶುಶ್ರೂಷೆ, ಆಮೇಲೆ ವೈದ್ಯ ಎಂಬ ಆ ಕ್ರಮವು ಗಮನಿಸತಕ್ಕದ್ದು. ಶುಶ್ರೂಷೆಯು ಪದವಿಯ ವಿದ್ಯೆಯಾದದ್ದು 1946ರಲ್ಲಿ, ವೆಲ್ಲೂರಿನಲ್ಲಿಯೂ ದೆಹಲಿಯಲ್ಲಿಯೂ. ಅಲ್ಲಿಂದೀಚೆಗೆ ಕಾಲೇಜುಗಳು ಬೆಳೆದವು. ಕೇರಳದಿಂದ ಬಂದ ಹೆಣ್ಣುಮಕ್ಕಳು ಬೆಂಗಳೂರು ಮಂಗಳೂರುಗಳಲ್ಲಿ ಓದಿ ಕೊಲ್ಲಿಯ ದೇಶಗಳಿಗೂ ಇಂಗ್ಲೆಂಡಿಗೂ ಹೋಗಿ ತಮ್ಮ ಕುಟುಂಬಗಳನ್ನು ಎತ್ತಿ ನಿಲ್ಲಿಸಿದರು. ಪದವಿ ಬಂದಿತು, ಪರದೇಶದಲ್ಲಿ ಬೆಲೆಯೂ ಬಂದಿತು. ಸ್ವದೇಶದಲ್ಲಿ ಮಾತ್ರ, 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶದ ಮೇಲೆ ಏರ್ಪಟ್ಟ ಸಮಿತಿಯೊಂದು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳಲ್ಲಿಯೂ ನರ್ಸುಗಳಿಗೆ ತಿಂಗಳಿಗೆ 20,000 ರೂಪಾಯಿಗಳಿಗೆ ಕಡಿಮೆಯಿಲ್ಲದ ಸಂಬಳವನ್ನು ಕೊಡಬೇಕೆಂದು ಶಿಫಾರಸು ಮಾಡಬೇಕಾಗಿ ಬಂದಿತು.

ಸಂಬಳದ ಮಾತು ಅತ್ತ ಇರಲಿ. ಈ ತಾರತಮ್ಯವು ಬರಿಯ ಮಾನಾಪಮಾನಗಳ ವಿಷಯವಾಗಿದ್ದರೆ ಇಷ್ಟು ದೀರ್ಘವಾಗಿ ವಿಚಾರಿಸಬೇಕಾದುದಿರಲಿಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ವಾರ್ಡಿನಲ್ಲಿ ಮಲಗಿರುವ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ರಾತ್ರಿ ಎರಡು ಗಂಟೆ. ಒಳಗೆಲ್ಲೋ ರಕ್ತವು ಸೋರಲು ತೊಡಗಿದೆ. ಇಂಥಲ್ಲಿ ರಕ್ತದೊತ್ತಡವು ಕುಸಿಯುವುದಕ್ಕೆ ಮೊದಲೇ ನಾಡಿಯು ಚುರುಕಾಗುವುದು. ಮೈ ತಣ್ಣಗಾಗಿ ಬೆವರುವುದು. ರೋಗಿಯು ಕಾರಣ ಹೇಳಲಾರದೆ ಹೊರಳಾಡುವನು. ಇದನ್ನು ಮೊದಲು ಕಾಣುವ ಕಣ್ಣು ಯಾರದು? ಗಂಟೆಗೊಮ್ಮೆ ನಾಡಿಯನ್ನು ಹಿಡಿದು ಬರೆದಿಡುವ ನರ್ಸಿನದು. ಆಕೆಯು ಕೂಡಲೆ ಹೋಗಿ ಪಾಳಿಯ ವೈದ್ಯನನ್ನು ಎಬ್ಬಿಸಬೇಕು. ಆದರೆ ಹಿಂದಿನ ರಾತ್ರಿಯಷ್ಟೇ, “ಇಷ್ಟಕ್ಕೆಲ್ಲ ಎಬ್ಬಿಸುತ್ತೀಯಾ?” ಎಂದು ಗದರಿಸಿಕೊಂಡಿದ್ದಾಳೆ. ತಾನು ನೋಡಿದ್ದು ಸರಿಯೋ ತಪ್ಪೋ, ಇನ್ನೊಂದು ಸಲ ನಾಡಿ ನೋಡಿ ಹೋಗೋಣವೆಂದು ಅರ್ಧ ಗಂಟೆ ತಡೆಯುತ್ತಾಳೆ. ಆ ಅರ್ಧ ಗಂಟೆಯನ್ನು ಆಕೆಗೆ ಕಲಿಸಿದವರು ಯಾರು? ಆಕೆಯ ಪಠ್ಯಪುಸ್ತಕವಲ್ಲ, ಅದರಲ್ಲಿ ತತ್‌ಕ್ಷಣ ತಿಳಿಸಬೇಕೆಂದೇ ಇದೆ. ಆ ವೈದ್ಯನೊಬ್ಬನೂ ಅಲ್ಲ. ಅವನು ಮೂವತ್ತಾರು ಗಂಟೆಗಳಿಂದ ನಿದ್ರೆಯಿಲ್ಲದವನಿರಬಹುದು. ಸೀಟು ಸಿಕ್ಕದ್ದರಿಂದ ನರ್ಸಿಂಗಿಗೆ ಸೇರಿಸಿದೆವೆಂಬ ಆ ತಗ್ಗಿದ ದನಿಯೇ ಹದಿನೆಂಟನೆಯ ವಯಸ್ಸಿನಿಂದ ಆಕೆಯ ಕಿವಿಯಲ್ಲಿದೆ. ತನ್ನ ಕಣ್ಣು ಎರಡನೆಯ ದರ್ಜೆಯದೆಂದು ನಂಬಿಸಲ್ಪಟ್ಟವರು ಕಂಡದ್ದನ್ನು ಕಂಡೆನೆಂದು ಹೇಳಲು ಅಂಜುವರು. ಸಭ್ಯ ಗೃಹಸ್ಥರು ಪದವಿಗಳ ಮೇಲುಕೀಳನ್ನು ಹರಟೆಯಲ್ಲಿ ಹಂಚುವಾಗ ಆ ಹರಟೆಯ ಕೊನೆಯು ಈ ಮಂಚದ ಬಳಿಯಲ್ಲಿದೆಯೆಂಬುದನ್ನು ಅರಿಯರು.

ಅನ್ಯಗತಿಯಿಲ್ಲದೆ ಈ ವಿದ್ಯೆಗೆ ಬಂದು, ಬಂದ ಮೇಲೆ ಅದರಲ್ಲಿ ಪ್ರೀತಿಯನ್ನು ಬೆಳೆಸಿಕೊಂಡವರು ಅನೇಕರಿದ್ದಾರೆ. ಅದು ಅವರ ದೊಡ್ಡತನ. ಅವರನ್ನು ಹಾಗೆ ತಂದು ಬಿಟ್ಟವರ ದೊಡ್ಡತನವಲ್ಲ.

ಎರಡನೆಯ ಪಾದದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 1948ರ ಔಷಧವೃತ್ತಿಯ ಶಾಸನವು ಮದ್ದನ್ನು ಕೊಡುವವನು ಓದಿದವನಾಗಿರಬೇಕೆಂದು ವಿಧಿಸಿತು, 2008ರಿಂದ ಫಾರ್ಮ್.ಡಿ. ಎಂಬ ಆರು ವರ್ಷಗಳ ಓದೂ ಬಂದಿದೆ. ಹೀಗಿದ್ದೂ ಬೀದಿಯ ಜನರಿಗೆ ಅವನು ಮದ್ದಿನಂಗಡಿಯವನೇ. ಅವನ ಪ್ರಮಾಣಪತ್ರವು ಗೋಡೆಯ ಮೇಲೆ, ಲೆಕ್ಕದ ಹುಡುಗನು ಗಲ್ಲಾದ ಮುಂದೆ.

ವಿದ್ಯಾಲಯಗಳೊಳಗೆ ಇದಕ್ಕೆ ಪರಿಹಾರವುಂಟೆ ಎಂದು ಹುಡುಕಿದರೆ ಪ್ರತಿಜ್ಞೆಯ ಪ್ರಸಂಗವು ನೆನಪಿಗೆ ಬರುವುದು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯವಿದ್ಯಾರ್ಥಿಗಳಿಗೆ ಗ್ರೀಕರ ಹಿಪಾಕ್ರೆಟಿಸನ ಪ್ರತಿಜ್ಞೆಗೆ ಬದಲಾಗಿ ಚರಕಶಪಥವನ್ನು ಸೂಚಿಸಿತು. ಕೂಡಲೆ ದೇಶದಲ್ಲೆಲ್ಲ ವಾಗ್ವಾದವೆದ್ದಿತು. ಸ್ವದೇಶಿಯೋ ವಿದೇಶಿಯೋ, ಹಳತೋ ಹೊಸತೋ ಎಂದು ಪತ್ರಿಕೆಗಳು ತುಂಬಿಹೋದವು. ಅತ್ತ ನರ್ಸಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ಹುಡುಗಿಯರು ದೀಪವನ್ನು ಹಿಡಿದು, 1893ರಲ್ಲಿ ಅಮೆರಿಕೆಯಲ್ಲಿ ರಚಿತವಾಗಿ ನೈಟಿಂಗೇಲಳ ಹೆಸರನ್ನು ಹೊತ್ತ ಪ್ರತಿಜ್ಞೆಯನ್ನು ಎಂದಿನಂತೆ ಸ್ವೀಕರಿಸುತ್ತಲೇ ಇದ್ದರು. ಅದರ ಮೂಲವು ಯಾವ ದೇಶವೆಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಅದನ್ನು ಲಕ್ಷಿಸಿದವರೂ ಇರಲಿಲ್ಲ. ರೋಗಿಗೆ ದ್ರೋಹ ಬಗೆಯೆನು, ಅವನ ಮನೆಯ ಗುಟ್ಟನ್ನು ಹೊರಗೆಡಹೆನು ಎಂಬ ಅಭಿಪ್ರಾಯವು ಚರಕನ ಉಪದೇಶದಲ್ಲಿಯೂ ಉಂಟು, ಆ ದೀಪದ ಪ್ರತಿಜ್ಞೆಯಲ್ಲಿಯೂ ಉಂಟು. ಒಂದೇ ವಿಶ್ವವಿದ್ಯಾನಿಲಯದ ಮಕ್ಕಳು ಒಂದೇ ಅಂಗಳದಲ್ಲಿ ನಿಂತು ಇದನ್ನು ಒಟ್ಟಿಗೆ ಏಕೆ ಹೇಳಬಾರದೆಂಬ ಪ್ರಶ್ನೆಯು ಆ ಗದ್ದಲದಲ್ಲಿ ಕೇಳಿಬರಲಿಲ್ಲ. ಶವಚ್ಛೇದದ ಮೇಜಾಗಲಿ, ರೋಗಿಯ ಮಂಚವಾಗಲಿ ಅವರನ್ನು ವರ್ಷಕ್ಕೆ ಕೆಲವು ದಿನವಾದರೂ ಕೂಡಿಸಿದ್ದರೆ, ಮುಂದೆ ಆ ರಾತ್ರಿಯ ಎರಡು ಗಂಟೆಗೆ ಅವರು ಪರಸ್ಪರ ಅಪರಿಚಿತರಾಗಿರುತ್ತಿರಲಿಲ್ಲ.

ಉಳಿದದ್ದು ನಾಲ್ಕನೆಯ ಪಾದ. ಅದಕ್ಕೆ ಕಾಲೇಜೂ ಇಲ್ಲ, ಪದವಿಯೂ ಇಲ್ಲ. ರೋಗಿಗೂ ಚರಕನು ನಾಲ್ಕು ಗುಣಗಳನ್ನು ವಿಧಿಸಿದ್ದಾನೆ: ಸ್ಮೃತಿ, ಹೇಳಿದಂತೆ ನಡೆಯುವುದು, ಭಯವಿಲ್ಲದಿರುವುದು, ತನ್ನ ನೋವನ್ನು ತಿಳಿಯಪಡಿಸುವ ಶಕ್ತಿ. ಇವನ್ನು ಅವನಿಗೆ ಕಲಿಸತಕ್ಕವರು ಮಿಕ್ಕ ಪಾದಗಳವರೇ. ಆ ರೈತನು ಬದುಕಿಕೊಂಡು ಮನೆಗೆ ಹೊರಟನೆಂದೇ ಇಟ್ಟುಕೊಳ್ಳಲಿ. ಕೈಯಲ್ಲಿರುವ ಕಾಗದದ ಮೇಲೆ ವೈದ್ಯನ ಹೆಸರಿದೆ. ನಾಡಿ ಹಿಡಿದವಳ ಹೆಸರಿಲ್ಲ, ಅವನು ಕೇಳಿಯೂ ಇಲ್ಲ. ಮದ್ದಿನ ಕಿಟಕಿಯ ಮುಂದೆ ಸಾಲು ಬಾಗಿಲಿನಾಚೆಗೂ ನಿಂತಿದೆ. ಅವನ ಸರದಿ ಬಂದಾಗ ಮೂರು ಬಗೆಯ ಮಾತ್ರೆಗಳು ಹೊರಗೆ ಬಂದವು. ಯಾವುದು ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ ಎಂದು ಒಳಗಿನಿಂದ ಒಂದು ಸಲ ಹೇಳಿದ್ದೂ ಆಯಿತು. ಸರಿಯಾಗಿ ಕೇಳಿಸದ ಅವನು ಇನ್ನೊಮ್ಮೆ ಕೇಳಬೇಕೆಂದು ಬಾಯಿ ತೆರೆದನು. ಹಿಂದಿದ್ದವರು ಮುಂದಕ್ಕೆ ನೂಕಿದರು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಅವನು ಬಸ್ಸಿನ ನಿಲ್ದಾಣದ ಕಡೆಗೆ ನಡೆದನು.