ಬಾವಿಯ ಹೈಗುಳಿ ಮತ್ತು ಪತ್ತೇದಾರ ಪುರುಷೋತ್ತಮ

ಕುವೆಂಪು ನಮ್ಮ ಮನೆಗಳಿಗೆ ತಡವಾಗಿ ಬಂದರು. ಬೇಂದ್ರೆ ಇನ್ನೂ ತಡ. ಮೊದಲು ಬಂದವನು ಪತ್ತೇದಾರ ಪುರುಷೋತ್ತಮ. ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ ನಮ್ಮ ಅಪ್ಪಂದಿರ ಚೀಲದಲ್ಲಿ, ರಟ್ಟು ಕಿತ್ತುಹೋದ ಪುಸ್ತಕವಾಗಿ ಬಂದ. ಅವನನ್ನು ಹುಟ್ಟಿಸಿದ ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪಂಡಿತರು ಅದನ್ನು ಸಾಹಿತ್ಯವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯದಿದ್ದರೆ ಬಿಡಲಿ. ನಮ್ಮವರು ಅಕ್ಷರ ಕೂಡಿಸಿ ಓದಿದ್ದು ಅಲ್ಲೇ. ಎಷ್ಟೋ ಪುಸ್ತಕಗಳಿಗೆ ಕೊನೆಯ ಪುಟವೇ ಇರುತ್ತಿರಲಿಲ್ಲ. ಕಳ್ಳ ಯಾರೆಂದು ನಾವೇ ಯೋಚಿಸಿ ತೆಗೆಯಬೇಕಿತ್ತು.

ಪತ್ತೇದಾರಿ ಕತೆಗಳಲ್ಲಿ ಒಂದು ಪಾಳು ಬಂಗಲೆ ಬರುತ್ತದೆ. ನಡುರಾತ್ರಿ ಗೆಜ್ಜೆ ಸದ್ದು, ಬಿಳಿ ಸೀರೆ. ಆಳುಗಳು ಹೆದರಿ ಓಡುತ್ತಾರೆ. ಪತ್ತೇದಾರ ಓಡುವುದಿಲ್ಲ, ಬಗ್ಗಿ ಕೆಸರಿನಲ್ಲಿ ಚಪ್ಪಲಿಯ ಗುರುತು ನೋಡುತ್ತಾನೆ. ದೆವ್ವಕ್ಕೆ ಚಪ್ಪಲಿ ಎಂತಕ್ಕೆ? ಇಂಗ್ಲೆಂಡಿನ ಕಾನನ್ ಡಾಯ್ಲ್ ಬರೆದ, 1902ರಲ್ಲಿ ಪುಸ್ತಕವಾಗಿ ಬಂದ ಬಾಸ್ಕರ್‌ವಿಲ್ ಕತೆಯಲ್ಲೂ ಹೀಗೇ. ಶಾಪದ ನಾಯಿಯ ಬಾಯಲ್ಲಿ ಉರಿಯುವ ಬೆಂಕಿ ರಂಜಕದ್ದು, ಹಚ್ಚಿದವನ ಕಣ್ಣು ಆಸ್ತಿಯ ಮೇಲೆ. (ಅದೇ ಡಾಯ್ಲ್ ಸಾಹೇಬ ಪ್ರೇತಾತ್ಮಗಳನ್ನು ನಂಬುತ್ತಿದ್ದ. 1922ರಲ್ಲಿ ಕಿನ್ನರಿಯರು ನಿಜವೆಂದು ಪುಸ್ತಕವನ್ನೇ ಬರೆದ. ಅವನ ಹೋಮ್ಸನೇ ಅವನಿಗಿಂತ ಜಾಣ.)

ಈ ಕತೆಗಳು ನಮಗೆ ಕಲಿಸಿದ್ದು ಒಂದು ಪ್ರಶ್ನೆ. ಭೂತ ಇದೆಯೋ ಇಲ್ಲವೋ ಎನ್ನುವುದಲ್ಲ. ಈ ಭಯದಿಂದ ಲಾಭ ಯಾರಿಗೆ ಎನ್ನುವುದು.

ಬೈಂದೂರು ಕಡೆಯ ನಮ್ಮ ಕಾಲೊನಿಯ ಪಕ್ಕ ಒಡೆಯರ ಬಾವಿ ಇತ್ತು. "ಬಾವಿ ಹತ್ರ ಹೈಗುಳಿ ಇತ್ತ್, ನೀವ್ ಕಟ್ಟೆ ಹತ್ತಿರೆ ರಕ್ತ ಕಾರ್ತ್ರಿ" ಅಂತ ನಮ್ಮ ಅಜ್ಜಿಯರಿಗೆ ಹೇಳಿದ್ದರು. ಅಜ್ಜಿಯರು ನಂಬಿದರು, ಬೇಸಗೆಯಲ್ಲಿ ಮೈಲಿ ದೂರದ ತೋಡಿಗೆ ಹೋದರು. ಒಡೆಯರ ಮನೆಯ ಮಕ್ಕಳು ಅದೇ ಕಟ್ಟೆಯ ಮೇಲೆ ಕೂತು ಮೀಯುತ್ತಿದ್ದರು. ಒಬ್ಬರೂ ರಕ್ತ ಕಾರಲಿಲ್ಲ. ಆ ಹೈಗುಳಿಗೆ ಜಾತಿ ಗೊತ್ತಿತ್ತು! ಆದರೆ ನಮ್ಮ ಬಾವಿಕಟ್ಟೆಗೆ ಯಾವ ಪುರುಷೋತ್ತಮನೂ ಬರಲಿಲ್ಲ. ಅವನ ತರ್ಕ ಬಂಗಲೆಯ ಗೇಟಿನವರೆಗೆ. ಕೊನೆಗೆ ಬಂಗಲೆ ವಾರಸುದಾರನಿಗೆ ಸಿಗುತ್ತದೆ, ಓಡಿಹೋದ ಆಳು ಮರಳಿ ಬಂದು ಅದೇ ಪೊರಕೆ ಹಿಡಿಯುತ್ತಾನೆ.

ಇನ್ನೊಬ್ಬ ನರಸಿಂಹಯ್ಯನವರಿದ್ದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ. 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ, ಕೈಯಿಂದ ಬೂದಿ ಉದುರಿಸುವ ಬಾಬಾಗೆ ಕುಂಬಳಕಾಯಿ ತೆಗೆದು ತೋರಿಸಿ ಅಂದರು. ಎದೆಗಾರಿಕೆಯ ಮಾತು. ಬೂದಿ ಹೇಗೆ ಬಂತು ಎಂದು ಅವರು ಕೇಳಿದರು. ನಾವು ಕೇಳಬೇಕಾದದ್ದು ಬೇರೆ: ಅನ್ನದಲ್ಲಿ ಕೂದಲು ಹೇಗೆ ಬಂತು?

ಅಜಲು ಎಂಬ ಪದ್ಧತಿ ನಮ್ಮ ಕರಾವಳಿಯದು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸಿದರೆ ಮನೆಯ ರೋಗ, ಅನಿಷ್ಟ ಅವರ ಮೈಗೆ ದಾಟುತ್ತದೆ ಎನ್ನುವ ನಂಬಿಕೆ. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಕಾನೂನಿಗೆ ಈ ಎಲೆ ಕಾಣಲಿಲ್ಲ. ಇಲ್ಲಿ ವೇಷ ಹಾಕಿದ ಕಳ್ಳನಿಲ್ಲ. ಉಣ್ಣಿಸಿದವರು ಹಗಲಲ್ಲೇ, ಸ್ವಂತ ಮುಖದಲ್ಲೇ, ಪುಣ್ಯವೆಂದೇ ಉಣ್ಣಿಸಿದರು. ಇಂಥ ಅಪರಾಧಿಯನ್ನು ಹಿಡಿಯುವ ಪತ್ತೇದಾರಿ ಕಾದಂಬರಿಯನ್ನು ನಾವು ಇನ್ನೂ ಓದಿಲ್ಲ.

ಇಲ್ಲಿಯವರೆಗೆ ಸುಲಭ. ಕಷ್ಟ ಇರುವುದು ನಮ್ಮದೇ ಅಂಗಳದಲ್ಲಿ. ಕೋಲದ ರಾತ್ರಿ ಪಾಣರವನು ಬಣ್ಣ ಬಳಿದು, ಅಣಿ ಕಟ್ಟಿ, ದೈವವಾಗಿ ನಿಲ್ಲುತ್ತಾನೆ. ಅವನ ನುಡಿಗೆ ಒಡೆಯರು ಕೈಮುಗಿದು ತಲೆ ಬಗ್ಗಿಸುತ್ತಾರೆ. ಬೆಳಗಾದರೆ ಅವನು ಪಡಿಯಕ್ಕಿಗೆ ಅಂಗಳದಾಚೆ ನಿಲ್ಲಬೇಕು. ಪದವಿ ಓದಿದ ನಾವು ಪುರುಷೋತ್ತಮನ ಹಾಗೆ ಟಾರ್ಚು ಹಿಡಿದು, ಇದು ಬಣ್ಣ, ಒಳಗಿರುವುದು ಮನುಷ್ಯ ಅನ್ನಬಹುದು. ಅದು ಸತ್ಯವೂ ಹೌದು.

ಬ್ರಹ್ಮಾವರ ಕಡೆಯ ಹಿರಿಯರೊಬ್ಬರು ಕೋಲ ಮುಗಿಸಿ ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸುತ್ತಿದ್ದಾಗ ಇದನ್ನೇ ಅಂದೆವು. ಅವರು ಸಿಟ್ಟಾಗಲಿಲ್ಲ.

"ಸೈ ಮಕ್ಳೇ, ನೀವ್ ಬಣ್ಣ ತೆಗಿರಿ. ತೆಗ್ದ್ ಮೇಲೆ ಒಡೇರ್ ನನ್ ಮಾತ್ ಕೇಂತ್ರಾ?"

ನಾವು ಹತ್ತಿ ತೋಯಿಸಿ ಕೊಟ್ಟೆವು. ಅವರು ಕಿವಿಯ ಹಿಂದಿನ ಅರದಾಳ ಒರೆಸತೊಡಗಿದರು.