ಆಟ ಕಾಯಕವಾದಾಗ

ಕಾಲೇಜಿನ ತಂಡಕ್ಕಾಗಿ ಜೀವ ತೇಯ್ದು ಆಡಿದವರು ಮುಂದೆ ಅದೇ ಆಟದಿಂದ ಹೊಟ್ಟೆ ಹೊರೆಯತೊಡಗಿದ ಮೇಲೆ ಯಾತಕ್ಕಾಗಿ ಆಡುತ್ತಾರೆ? ರೊಕ್ಕಕ್ಕಾಗಿ ಎಂಬ ಉತ್ತರ ಥಟ್ಟನೆ ಬರುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಹರಾಜಿನ ಅತಿ ದೊಡ್ಡ ಬೆಲೆ 12.8 ಲಕ್ಷ ರೂಪಾಯಿ; 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟನ್ಸ್ ಕೊಟ್ಟದ್ದು ಎರಡೂವರೆ ಕೋಟಿಗೂ ಮೇಲೆ. ಇಷ್ಟು ಹಣ ಸುರಿದ ಕಡೆ ಆಟದ ಮೇಲಿನ ಪ್ರೀತಿ ಉಳಿದೀತೇ ಎಂಬ ಸಂದೇಹ ಸಹಜ. ನನ್ನ ವಾದ ಬೇರೆ: ಪ್ರೀತಿಯನ್ನು ಕೆಡಿಸುವುದು ಕೂಲಿಯಲ್ಲ, ಕೂಲಿಯ ಮೂಲಕ ಬರುವ ಹಿಡಿತ. ಬಸವಣ್ಣನವರು ಹುಟ್ಟಿದ ಊರೆಂದು ಇಂಗಳೇಶ್ವರವನ್ನು ನೆನೆಯುವ ನಾಡಿನಲ್ಲಿ ಇದನ್ನು ವಿಚಾರಿಸಲು ಕಾಯಕಕ್ಕಿಂತ ಹತ್ತಿರದ ದಾರಿ ಇಲ್ಲ.

ಸಂದೇಹದ ಪರವಾಗಿ ಒಂದು ಗಟ್ಟಿ ಸಾಕ್ಷ್ಯವಿದೆ. ಎಡ್ವರ್ಡ್ ಡೆಸಿ ಎಂಬ ಮನಃಶಾಸ್ತ್ರಜ್ಞ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದರ ಗೊಡವೆಗೆ ಮೊದಲಿನಷ್ಟು ಹೋಗಲಿಲ್ಲ. ಆದರೆ 1980ರಲ್ಲಿ ಅಮೆರಿಕದ ಕಾಲೇಜು ಆಟಗಾರರನ್ನು ಕುರಿತು ಬಂದ ಅಧ್ಯಯನ ಕಥೆಯನ್ನೇ ತಿರುಗಿಸಿತು. ಸ್ಕಾಲರ್‌ಶಿಪ್ ಪಡೆದ ಫುಟ್‌ಬಾಲ್ ಆಟಗಾರರಲ್ಲಿ ಆಟದ ಆನಂದ ಕಡಿಮೆ ಕಂಡಿತು, ಸ್ಕಾಲರ್‌ಶಿಪ್ ಪಡೆದ ಕುಸ್ತಿಪಟುಗಳಲ್ಲಿ ಹೆಚ್ಚೇ ಕಂಡಿತು. ಫುಟ್‌ಬಾಲ್‌ನಲ್ಲಿ ಆ ಹಣ ಹಲವರಿಗೆ ಸಿಗುತ್ತಿತ್ತು, ಕೋಚ್‌ನ ಕೈಯಲ್ಲಿ ಅದು ಹಗ್ಗದಂತಿತ್ತು. ಕುಸ್ತಿಯಲ್ಲಿ ಕೆಲವರಿಗಷ್ಟೇ ಸಿಗುತ್ತಿದ್ದುದರಿಂದ ‘ನಿನ್ನ ಪಟ್ಟು ಚಲೋ ಇದೆ’ ಎಂದು ಹೇಳಿದಂತಾಗುತ್ತಿತ್ತು. ಹಣ ಎರಡೂ ಕಡೆ ಇತ್ತು, ಅದು ಆಡಿದ ಮಾತು ಬೇರೆಬೇರೆ.

ನಮ್ಮ ವಿಜಯಪುರದ ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕವಾಡ 2017ರ ಜುಲೈ 15ರಂದು ಡರ್ಬಿಯಲ್ಲಿ, ಆ ವರ್ಷದ ಮಹಿಳಾ ವಿಶ್ವಕಪ್ಪಿನ ತಮ್ಮ ಮೊದಲ ಪಂದ್ಯದಲ್ಲೇ, 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಉರುಳಿತು. ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಎಂದು ಬಿಸಿಸಿಐ ಘೋಷಿಸಿದ್ದು 2022ರಲ್ಲಿ. ಮಹಿಳಾ ಲೀಗಿನ ಯುಪಿ ವಾರಿಯರ್ಸ್ ತಂಡ 40 ಲಕ್ಷ ಕೊಟ್ಟು ರಾಜೇಶ್ವರಿ ಅವರನ್ನು ತೆಗೆದುಕೊಂಡದ್ದು 2023ರಲ್ಲಿ. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವುದು ನಮ್ಮ ಕೆಲಸವಲ್ಲ. ಇಷ್ಟು ಮಾತ್ರ ಸ್ಪಷ್ಟ: ಡರ್ಬಿಯ ಆ ಸ್ಪೆಲ್ ದೊಡ್ಡ ದುಡ್ಡಿಗಿಂತ ಮೊದಲೇ ಬಂದದ್ದು.

ಕಾಯಕವನ್ನು ಸಾರಿದ ಶರಣರು ಕೂಲಿಯನ್ನು ಹೊಲೆಯೆಂದು ದೂರ ಇಡಲಿಲ್ಲ. ಆಟವನ್ನು ಪ್ರೀತಿಗಷ್ಟೇ ಆಡಬೇಕು ಎಂಬುದು ಹೊಟ್ಟೆಪಾಡಿನ ಚಿಂತೆ ಇಲ್ಲದ ಸಿರಿವಂತರು ಕಟ್ಟಿಕೊಂಡ ಆದರ್ಶ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸುತ್ತಾಳೆ. ಆ ಅಕ್ಕಿಯನ್ನು ಬೇಕೆಂದೇ ಚೆಲ್ಲಿಸಿದವರು ಬಸವಣ್ಣನವರೇ ಎಂದು ಕಥೆ ಹೇಳುತ್ತದೆ. ಕೊಡುವ ಕೈ ಬಸವಣ್ಣನವರದೇ ಆದರೂ ಅದು ತನ್ನ ಕಾಯಕದ ಅಳತೆಯನ್ನು ನಿರ್ಧರಿಸಬಾರದು, ಇದು ಲಕ್ಕಮ್ಮನ ನಿಲುವು. ಹರಾಜಿನಲ್ಲಿ ನಿಂತ ಆಟಗಾರನಿಗೂ ಬೇಕಾದುದು ಇದೇ ಸ್ವಾತಂತ್ರ್ಯ.

ಹಾಗಾದರೆ ಕಡಿಮೆ ಕೊಟ್ಟು ದುಡಿಸಿಕೊಳ್ಳುವವರಿಗೆ ಕಾಯಕವೆಂಬ ಹೆಸರು ನೆಪವಾಗುವುದಿಲ್ಲವೇ? ಆಗುತ್ತದೆ, ಆಗಿದೆ ಕೂಡ. ಆದರೆ ಲಕ್ಕಮ್ಮ ಕಡಿವಾಣ ಹಾಕಿದ್ದು ತನ್ನ ಮನೆಯ ಆಸೆಗೆ. ಮಾಲೀಕನಿಗೆ ಆಕೆ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. ನ್ಯಾಯವಾದ ಕೂಲಿ ಕೇಳುವುದು ಆಟಗಾರನ ಹಕ್ಕು, ಆ ಕೂಲಿಯೇ ತನ್ನ ಬೆಲೆ ಎಂದು ನಂಬದಿರುವುದು ಅವನ ಸಾಧನೆ. ಆಟದಿಂದ ಯಾರ ಹೊಟ್ಟೆ ತುಂಬೀತು, ಇದೆಂಥ ಕಾಯಕ ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ: ಡೋಹರ ಕಕ್ಕಯ್ಯನ ಚರ್ಮವನ್ನೂ ನುಲಿಯ ಚಂದಯ್ಯನ ಹಗ್ಗವನ್ನೂ ಸಮನಾಗಿ ಕಂಡವರು ಕೆಲಸಗಳಿಗೆ ಮೇಲು ಕೀಳಿನ ಪಟ್ಟಿ ಮಾಡಲಿಲ್ಲ.

ಕೊನೆಯ ಆಕ್ಷೇಪ ಕಠಿಣವಾದದ್ದು. ಮೊಣಕಾಲು ಸೋತು ತಂಡ ಕೈಬಿಟ್ಟ ದಿನ ಈ ತತ್ವ ಏನು ಕೊಡುತ್ತದೆ? ಹಣವನ್ನಂತೂ ಕೊಡುವುದಿಲ್ಲ, ಅದಕ್ಕೆ ವಿಮೆ ಬೇಕು, ನೌಕರಿ ಬೇಕು. ಆದರೆ ಕೆಲಸದ ಮೇಲೆ ಮನಸ್ಸು ಇಟ್ಟವನಿಗೆ ಅಂಕಣದ ಆಚೆಗೂ ಕೆಲಸ ಇರುತ್ತದೆ. ಕರ್ನಾಟಕದ ಕಬಡ್ಡಿ ಆಟಗಾರ ಬಿ.ಸಿ. ರಮೇಶ್ 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಪ್ರೊ ಕಬಡ್ಡಿ ಲೀಗ್ ಬರುವ ಹೊತ್ತಿಗೆ ಅವರು ಆಡುವ ಕಾಲ ಕಳೆದಿತ್ತು. ಅವರು ತರಬೇತಿ ಕೊಟ್ಟ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಆ ಲೀಗನ್ನು ಗೆದ್ದವು.