ಅರಿಯದವನ ಅಮಾನತ್ತು



ಓಡುತ್ತಿದ್ದ ಕಾರು ನಡುದಾರಿಯಲ್ಲಿ ಒಮ್ಮೆಲೇ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ಎಂದಿಗಿಂತ ಹಗುರವಾಗಿ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮೆಕ್ಯಾನಿಕ್ ಕವರು ಬಿಚ್ಚುತ್ತಾನೆ. ಒಳಗೆ ಟೈಮಿಂಗ್ ಬೆಲ್ಟ್ ತುಂಡಾಗಿದೆ.

ಅವನ ಮನಸ್ಸಾಕ್ಷಿಯ ಪರೀಕ್ಷೆ ಆರಂಭವಾಗುವುದು ಇಲ್ಲಿಂದ. ಕೆಲವು ಇಂಜಿನುಗಳಲ್ಲಿ ಬೆಲ್ಟ್ ಹರಿದರೂ ಬೇರೇನೂ ಕೆಡುವುದಿಲ್ಲ. ಇನ್ನು ಕೆಲವುಗಳಲ್ಲಿ ಮೇಲೆ ಬಂದ ಪಿಸ್ಟನ್, ತೆರೆದ ವಾಲ್ವ್‌ಗಳಿಗೆ ಬಡಿದು ಅವನ್ನು ಬಾಗಿಸುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಪರೀಕ್ಷಿಸದೆ ಹೊಸ ಬೆಲ್ಟ್ ಹಾಕಿ 'ಎಲ್ಲ ಸರಿಯಾಯಿತು' ಎನ್ನುವುದು ಮೋಸ. ಪರೀಕ್ಷಿಸದೆ 'ವಾಲ್ವ್ ಹೋಗಿದೆ' ಎಂದು ಹೆಡ್ ಇಳಿಸಿ ದೊಡ್ಡ ಬಿಲ್ಲು ಬರೆಯುವುದೂ ಮೋಸವೇ.

ಹಾಗಾದರೆ ಸರಿಯಾದ ದಾರಿ ಯಾವುದು? ಗುರುತುಗಳನ್ನು ಹೊಂದಿಸಿ ಬೆಲ್ಟ್ ಕೂರಿಸಬೇಕು. ಇಂಜಿನನ್ನು ಕೈಯಿಂದ ಎರಡು ಸುತ್ತು ಮೆಲ್ಲನೆ ತಿರುಗಿಸಬೇಕು. ಎಲ್ಲಿಯಾದರೂ ತಡೆದರೆ ಬಲ ಹಾಕಬಾರದು. ಬಳಿಕ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯಬೇಕು. ಹಳೆಯ ಬೆಲ್ಟ್ ಹರಿದದ್ದು ಬಿಗಿದುಕೊಂಡ ವಾಟರ್ ಪಂಪಿನಿಂದಲೋ, ಸೋರಿದ ಎಣ್ಣೆಯಿಂದಲೋ, ಬದಲಿಸುವ ಅವಧಿ ಮೀರಿದ್ದರಿಂದಲೋ ಎಂದೂ ನೋಡಬೇಕು. ಇಲ್ಲವಾದರೆ ಹೊಸದೂ ಹರಿದೀತು.

ಇದಾವುದೂ ಮಾಲೀಕನಿಗೆ ತಿಳಿಯದು. ಆ ಅಜ್ಞಾನವು ಮೆಕ್ಯಾನಿಕನಿಗೆ ಲಾಭದ ಅವಕಾಶವಲ್ಲ, ಅವನ ಕೈಗಿತ್ತ ಅಮಾನತ್ತು. ತಿಳಿಯದವನ ಮುಂದೆ ತಿಳಿದವನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದರೆ ನಾವು? ಅರ್ಧ ದಿನ ಪರೀಕ್ಷಿಸಿ 'ವಾಲ್ವ್ ಚೆನ್ನಾಗಿದೆ' ಎಂದವನ ಕೂಲಿಗೆ ಚೌಕಾಸಿ ಮಾಡುತ್ತೇವೆ. ಬೇಡದ ಸಾಮಾನು ಬದಲಿಸಿದವನಿಗೆ ಕೇಳಿದಷ್ಟು ಕೊಡುತ್ತೇವೆ. ಸತ್ಯ ಹೇಳಿದ್ದಕ್ಕೆ ಕೂಲಿ ಕೊಡಲೊಲ್ಲದವರು ಸುಳ್ಳಿನ ಬಗ್ಗೆ ದೂರುವುದು ನ್ಯಾಯವೇ? ಯೋಚಿಸಿ.